ಪ್ಯಾಚ್ ಇತ್ತು, ಫೋನಿಗೆ ಬಂದಿರಲಿಲ್ಲ

2019ರ ಅಕ್ಟೋಬರ್ ಮೊದಲ ವಾರ ಭದ್ರತಾ ದೋಷಗಳನ್ನು ಹುಡುಕುವ ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡ ಆಂಡ್ರಾಯ್ಡ್ ಫೋನುಗಳಲ್ಲಿದ್ದ ಒಂದು ದೋಷವನ್ನು ಬಹಿರಂಗ ಮಾಡಿತು. ಸಿವಿಇ-2019-2215 ಅಂತ ಅದರ ನಂಬರ್. ಗೊತ್ತಾದ ಭದ್ರತಾ ದೋಷಗಳನ್ನು ಎಲ್ಲರೂ ಒಂದೇ ಹೆಸರಿನಲ್ಲಿ ಗುರುತಿಸಲಿ ಅಂತ ಕೊಡುವ ನಂಬರೇ ಸಿವಿಇ. ದೋಷ ಸರಿಪಡಿಸೋಕೆ ಈ ತಂಡ ಸಾಮಾನ್ಯವಾಗಿ 90 ದಿನ ಸಮಯ ಕೊಡುತ್ತದೆ. ಈ ಸಲ ಕೊಟ್ಟಿದ್ದು ಏಳೇ ದಿನ, ಯಾಕೆಂದರೆ ಆ ದೋಷವನ್ನು ಹಿಡಿದುಕೊಂಡು ಯಾರೋ ಆಗಲೇ ಜನರ ಫೋನಿಗೆ ನುಗ್ಗುತ್ತಿದ್ದಾರೆ ಎಂಬ ಮಾಹಿತಿ ಅವರಿಗೆ ಸಿಕ್ಕಿತ್ತು. ಪಿಕ್ಸೆಲ್ 2, ಸ್ಯಾಮ್‌ಸಂಗ್ ಎಸ್7, ಎಸ್8, ಎಸ್9, ರೆಡ್ಮಿ ನೋಟ್ 5, ಹುವಾವೇ ಪಿ20, ಹೀಗೆ ಕೋಟ್ಯಂತರ ಜನ ಬಳಸುವ ಫೋನುಗಳು ಆ ಪಟ್ಟಿಯಲ್ಲಿದ್ದವು.

ನನಗೆ ಇದರಲ್ಲಿ ನಿಜಕ್ಕೂ ಬೇಜಾರಾಗುವ ವಿಷಯ ಬೇರೆಯೇ ಇದೆ. ಈ ದೋಷ ಹೊಸದಲ್ಲ. ಅದನ್ನು ಸರಿ ಮಾಡುವ ಪ್ಯಾಚ್ 2018ರ ಫೆಬ್ರವರಿಯಲ್ಲೇ ಲಿನಕ್ಸ್ ಕರ್ನಲ್‌ಗೆ ಸೇರಿತ್ತು.

ಮೊದಲು ದೋಷ ಏನು ಅಂತ ನೋಡೋಣ. ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು. ಯಾವ ಆ್ಯಪ್‌ಗೆ ಎಷ್ಟು ಮೆಮೊರಿ, ಯಾರು ಕ್ಯಾಮೆರಾ ಮುಟ್ಟಬಹುದು, ಯಾರ ಫೈಲನ್ನು ಯಾರು ಓದಬಹುದು, ಎಲ್ಲವನ್ನೂ ತೀರ್ಮಾನ ಮಾಡೋದು ಅದೇ. ಆಂಡ್ರಾಯ್ಡ್‌ನ ಕರ್ನಲ್ ಲಿನಕ್ಸ್. ಅದರೊಳಗೆ ಬೈಂಡರ್ ಎಂಬ ಭಾಗವಿದೆ. ಒಂದು ಆ್ಯಪ್ ಇನ್ನೊಂದರ ಜೊತೆ ಅಥವಾ ಸಿಸ್ಟಮ್ ಜೊತೆ ಮಾತಾಡಬೇಕಾದರೆ ಬಹುತೇಕ ಬೈಂಡರ್ ಮೂಲಕವೇ ಮಾತಾಡಬೇಕು, ಹಾಗಾಗಿ ಎಷ್ಟೇ ಬಿಗಿಯಾಗಿ ಕಟ್ಟಿಹಾಕಿದ ಆ್ಯಪ್‌ಗೂ ಬೈಂಡರ್ ಬಾಗಿಲು ತೆರೆದೇ ಇರುತ್ತದೆ.

ಬೈಂಡರ್ ಬಳಸುವ ಪ್ರತಿಯೊಂದು ಥ್ರೆಡ್‌ಗೂ, ಅಂದರೆ ಆ್ಯಪ್‌ನೊಳಗೆ ನಡೆಯುವ ಒಂದೊಂದು ಕೆಲಸದ ಸರಣಿಗೂ, ಕರ್ನಲ್ ಮೆಮೊರಿಯಲ್ಲಿ ಒಂದು ಸಣ್ಣ ದಾಖಲೆ ಇಡುತ್ತದೆ. ಪಿಕ್ಸೆಲ್ 2ರಲ್ಲಿ ಅದರ ಗಾತ್ರ 408 ಬೈಟ್. ಆ ದಾಖಲೆಯೊಳಗೆ ಒಂದು ಕಾಯುವವರ ಪಟ್ಟಿ ಇರುತ್ತದೆ. 'ಏನಾದರೂ ಸಂದೇಶ ಬಂದರೆ ನನಗೆ ಹೇಳು' ಅಂತ ಆ್ಯಪ್ ಕೇಳಿಕೊಂಡರೆ, ಕರ್ನಲ್‌ನ ಇನ್ನೊಂದು ಭಾಗವಾದ ಈಪೋಲ್ ಹೋಗಿ ಆ ಪಟ್ಟಿಯಲ್ಲಿ ಹೆಸರು ಬರೆಸಿ, ಪಟ್ಟಿಯ ವಿಳಾಸವನ್ನು ತನ್ನ ಬಳಿ ಇಟ್ಟುಕೊಳ್ಳುತ್ತದೆ. ಇಲ್ಲಿಯವರೆಗೂ ಸರಿ. ಆದರೆ 'ಈ ಥ್ರೆಡ್‌ನ ಕೆಲಸ ಮುಗಿಯಿತು' ಎಂದು ಬೈಂಡರ್‌ಗೆ ಹೇಳುವ ಒಂದು ಆಜ್ಞೆಯೂ ಇದೆ. ಅದನ್ನು ಕೊಟ್ಟ ಕೂಡಲೇ ಬೈಂಡರ್ ಆ 408 ಬೈಟ್ ಜಾಗವನ್ನು ಖಾಲಿ ಮಾಡಿ ವಾಪಸ್ ಕೊಟ್ಟುಬಿಡುತ್ತಿತ್ತು. ಈಪೋಲ್‌ಗೆ ಮಾತ್ರ ಯಾರೂ ಹೇಳುತ್ತಿರಲಿಲ್ಲ, ಅದು ಆಮೇಲೂ ಹಳೇ ವಿಳಾಸಕ್ಕೇ ಹೋಗಿ ಬರೆಯುತ್ತಿತ್ತು.

ಬಿಟ್ಟುಕೊಟ್ಟ ಜಾಗವನ್ನು ಹೀಗೆ ಮತ್ತೆ ಬಳಸುವ ತಪ್ಪಿಗೆ ಯೂಸ್ ಆಫ್ಟರ್ ಫ್ರೀ ಅನ್ನುತ್ತಾರೆ. ಬಾಡಿಗೆದಾರ ಮನೆ ಖಾಲಿ ಮಾಡಿ, ಹೊಸಬರು ಬಂದು ಸೇರಿಕೊಂಡ ಮೇಲೂ ಹಳೇ ವಿಳಾಸ ಹಿಡಿದುಕೊಂಡು ಒಬ್ಬ ಒಳಗೆ ಹೋಗಿ ಗೋಡೆ ಮೇಲೆ ಬರೆದು ಬಂದ ಹಾಗೆ. ಬೈಂಡರನ್ನು ಬರೆದಿದ್ದ ಸಿ ಭಾಷೆಯಲ್ಲಿ ಇದನ್ನು ತಡೆಯುವವರು ಯಾರೂ ಇಲ್ಲ. ಯಾವ ವಿಳಾಸ ಯಾರ ಹತ್ತಿರ ಇದೆ ಅನ್ನೋದನ್ನು ಪ್ರೋಗ್ರಾಮರ್ ತಲೆಯಲ್ಲೇ ಇಟ್ಟುಕೊಳ್ಳಬೇಕು.

ಸರಿ, ಈಪೋಲ್ ಅಲ್ಲಿ ಬರೆಯೋದಾದರೂ ಎಷ್ಟು? ಪಟ್ಟಿಯಿಂದ ಹೆಸರು ತೆಗೆಯುವಾಗ ಎರಡು ವಿಳಾಸ, ಒಟ್ಟು 16 ಬೈಟ್ ಅಷ್ಟೇ. ಇದರಿಂದ ಅಂಥಾದ್ದೇನಾಗುತ್ತೆ ಅನ್ನಿಸಬಹುದು. ಆದರೆ ಪ್ರಾಜೆಕ್ಟ್ ಝೀರೋ ತಂಡ ತೋರಿಸಿದ ದಾರಿ ನೋಡಿ. ಪಿಕ್ಸೆಲ್ 2ರಲ್ಲಿ ಆ 408 ಬೈಟ್ ದಾಖಲೆಗೆ ಜಾಗ ಸಿಗೋದು 512 ಬೈಟ್ ತುಣುಕುಗಳ ರಾಶಿಯಿಂದ. ಹಾಗಾಗಿ ಜಾಗ ಖಾಲಿಯಾದ ತಕ್ಷಣ ದಾಳಿಕೋರ ಅದೇ ರಾಶಿಗೆ ಬೀಳುವಂಥ ಬೇರೊಂದು ವಸ್ತುವನ್ನು ಕರ್ನಲ್ ಕೈಯಿಂದಲೇ ಅಲ್ಲಿ ಕೂರಿಸುತ್ತಾನೆ. ಅವನು ಆರಿಸಿಕೊಳ್ಳುವುದು 'ಇಂಥ ವಿಳಾಸದಿಂದ ಇಷ್ಟು ಬೈಟ್ ನಕಲು ಮಾಡು' ಎಂದು ಹೇಳುವ ಒಂದು ಪಟ್ಟಿಯನ್ನು. ಈ ವಿಳಾಸಗಳು ಆ್ಯಪ್‌ನ ಸ್ವಂತ ಜಾಗದವೇ ಹೌದಾ ಅಂತ ಕರ್ನಲ್ ಮೊದಲೇ ಪರೀಕ್ಷೆ ಮಾಡುತ್ತದೆ, ಪಾಸೂ ಮಾಡುತ್ತದೆ. ಆಮೇಲೆ, ನಕಲು ಅರ್ಧಕ್ಕೆ ನಿಂತು ಕಾಯುತ್ತಿರುವಾಗ, ಈಪೋಲ್ ಬಂದು ಆ 16 ಬೈಟ್‌ಗಳನ್ನು ಬರೆದು ಹೋಗುತ್ತದೆ. ಈಗ ಪಟ್ಟಿಯಲ್ಲಿರೋದು ಕರ್ನಲ್‌ನದೇ ವಿಳಾಸ! ಪರೀಕ್ಷೆ ಮುಗಿದಿರುವುದರಿಂದ ಕರ್ನಲ್ ಸುಮ್ನೆ ಒಪ್ಪಿಕೊಂಡು ತನ್ನ ಒಳಗಿನ ಮೆಮೊರಿಯನ್ನೇ ಆ್ಯಪ್‌ಗೆ ಕೊಟ್ಟುಬಿಡುತ್ತದೆ. ಅದರಲ್ಲಿ ಸಿಕ್ಕಿದ ವಿಳಾಸ ಇಟ್ಟುಕೊಂಡು ಇದೇ ಆಟವನ್ನು ಇನ್ನೊಮ್ಮೆ ಆಡಿದರೆ, 'ಈ ಪ್ರೋಗ್ರಾಮ್ ಇಲ್ಲಿಯವರೆಗೆ ಮಾತ್ರ ಮುಟ್ಟಬಹುದು' ಎಂಬ ಗಡಿಯ ಅಂಕಿಯನ್ನೇ ಬದಲಾಯಿಸಬಹುದು. ಅಲ್ಲಿಗೆ ಇಡೀ ಕರ್ನಲ್ ಮೆಮೊರಿ ದಾಳಿಕೋರನ ಕೈಯಲ್ಲಿ. ಇಷ್ಟೂ ಮಾಡಲು ಅವನಿಗೆ ಯಾವ ವಿಶೇಷ ಅನುಮತಿಯೂ ಬೇಕಿರಲಿಲ್ಲ, ಕ್ರೋಮ್ ಬ್ರೌಸರ್‌ನ ಸ್ಯಾಂಡ್‌ಬಾಕ್ಸ್ ಎಂಬ ಬಿಗಿ ಆವರಣದ ಒಳಗಿನಿಂದಲೂ ಈ ದೋಷವನ್ನು ತಲುಪಬಹುದಿತ್ತು.

ಇದನ್ನು ಮೊದಲು ಕಂಡುಹಿಡಿದಿದ್ದು ಮನುಷ್ಯರಲ್ಲ. ಕರ್ನಲ್‌ಗೆ ಹಗಲೂ ರಾತ್ರಿ ಅಡ್ಡಾದಿಡ್ಡಿ ಆಜ್ಞೆಗಳನ್ನು ಕೊಟ್ಟು ಎಲ್ಲಿ ಮುರಿಯುತ್ತೆ ಅಂತ ನೋಡುವ ಸಿಜ್‌ಕಾಲರ್ ಎಂಬ ಗೂಗಲ್ ಉಪಕರಣ ಇದೆ. ಅದರ ಬಾಟ್ 2017ರ ನವೆಂಬರ್‌ನಲ್ಲೇ ಇದನ್ನು ವರದಿ ಮಾಡಿತ್ತು. ಕೆಲವೇ ಸಾಲುಗಳ ಪ್ಯಾಚ್ ತಯಾರಾಯಿತು. ಥ್ರೆಡ್ ಮುಗಿಯುವಾಗ ಕಾಯುತ್ತಿರುವವರಿಗೂ ಹೇಳಿ ಕಳಿಸು, ಅಷ್ಟೇ ಅದರ ಸಾರ. ಲಿನಕ್ಸ್‌ನ 3.18, 4.4, 4.9, 4.14 ಆವೃತ್ತಿಗಳಿಗೆಲ್ಲ ಅದು ಸೇರಿತು.

ಆದರೆ ಯಾರೂ ಅದಕ್ಕೆ ಸಿವಿಇ ನಂಬರ್ ತೆಗೆದುಕೊಳ್ಳಲಿಲ್ಲ. ಎಲ್ಲ ಎಡವಟ್ಟು ಶುರುವಾಗೋದು ಇಲ್ಲೇ. ಫೋನಿನ ಕರ್ನಲ್ ನೇರವಾಗಿ ಲಿನಕ್ಸ್‌ನಿಂದ ಬರುವುದಿಲ್ಲ, ಅಲ್ಲಿಂದ ಗೂಗಲ್‌ಗೆ, ಗೂಗಲ್‌ನಿಂದ ಚಿಪ್ ಕಂಪನಿಗೆ, ಅಲ್ಲಿಂದ ಫೋನ್ ಕಂಪನಿಗೆ, ಒಬ್ಬೊಬ್ಬರೂ ತಮ್ಮದೇ ಬದಲಾವಣೆ ಮಾಡಿಕೊಂಡ ಒಂದೊಂದು ಪ್ರತಿ ಇಟ್ಟುಕೊಂಡಿರುತ್ತಾರೆ. ಲಿನಕ್ಸ್‌ಗೆ ಸೇರುವ ಸಾವಿರಾರು ತಿದ್ದುಪಡಿಗಳಲ್ಲಿ ಯಾವುದನ್ನು ತೆಗೆದುಕೊಳ್ಳಬೇಕು? ಆಂಡ್ರಾಯ್ಡ್‌ನ ತಿಂಗಳ ಭದ್ರತಾ ಪ್ರಕಟಣೆ ನೋಡುತ್ತಾರೆ, ಅಲ್ಲಿ ಎಲ್ಲವೂ ಸಿವಿಇ ನಂಬರ್ ಪ್ರಕಾರ ಇರುತ್ತದೆ. ನಂಬರ್ ಇಲ್ಲದ ತಿದ್ದುಪಡಿ ಆ ಪಟ್ಟಿಗೆ ಬರಲಿಲ್ಲ. ಗೂಗಲ್‌ನದೇ ಪಿಕ್ಸೆಲ್ 2 ಕೂಡ 2019ರ ಸೆಪ್ಟೆಂಬರ್ ಅಪ್‌ಡೇಟ್ ಹಾಕಿಕೊಂಡ ಮೇಲೂ ಈ ದೋಷದ ಜೊತೆಗೇ ಇತ್ತು. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಲಿನಕ್ಸ್‌ನ ಕೋಡ್ ಎಲ್ಲರಿಗೂ ತೆರೆದಿರುವುದರಿಂದ ಪ್ಯಾಚನ್ನು ಯಾರು ಬೇಕಾದರೂ ಓದಬಹುದು. ಅದನ್ನು ಓದಿದವನಿಗೆ ಹಳೇ ಫೋನುಗಳಲ್ಲಿ ಬಾಗಿಲು ಎಲ್ಲಿದೆ ಅಂತಲೂ ಗೊತ್ತಾಗುತ್ತದೆ, ಅಲ್ವಾ?

ಆಮೇಲೆ ಒಂದಷ್ಟು ಬದಲಾಗಿದೆ. 2024ರ ಫೆಬ್ರವರಿಯಿಂದ ಲಿನಕ್ಸ್ ಕರ್ನಲ್ ತಂಡವೇ ಸಿವಿಇ ನಂಬರ್ ಕೊಡುತ್ತಿದೆ, ಅದೂ ಧಾರಾಳವಾಗಿ. ವರ್ಷಕ್ಕೆ ಸಾವಿರಾರು ನಂಬರ್ ಬರುತ್ತಿದ್ದು, ಇದು ಜಾಸ್ತಿಯಾಯಿತು ಎಂದು ದೂರುವವರೂ ಇದ್ದಾರೆ. ನನಗಂತೂ ಅದು ಸರಿ ಅನ್ನಿಸುತ್ತದೆ. ಇದು ಭದ್ರತೆಯ ವಿಷಯವೋ ಅಲ್ಲವೋ ಅಂತ ಪ್ಯಾಚ್ ಬರೆಯುವ ದಿನವೇ ಊಹಿಸೋದು ಬಹಳ ಕಷ್ಟ.

ಇನ್ನೊಂದು ದಾರಿ ರಸ್ಟ್ ಭಾಷೆ. ಯಾವ ಜಾಗಕ್ಕೆ ಯಾರು ಒಡೆಯರು ಅನ್ನೋದನ್ನು ಅದರಲ್ಲಿ ಕಂಪೈಲರೇ, ಅಂದರೆ ಕೋಡನ್ನು ಯಂತ್ರದ ಭಾಷೆಗೆ ಬದಲಿಸುವ ಪ್ರೋಗ್ರಾಮೇ, ಲೆಕ್ಕ ಇಡುತ್ತದೆ. ಆಂಡ್ರಾಯ್ಡ್‌ನ ಭದ್ರತಾ ದೋಷಗಳಲ್ಲಿ ಮೆಮೊರಿ ತಪ್ಪುಗಳ ಪಾಲು 2019ರಲ್ಲಿ 76% ಇತ್ತು, ಹೊಸ ಕೋಡನ್ನು ರಸ್ಟ್‌ನಂಥ ಭಾಷೆಗಳಲ್ಲಿ ಬರೆಯಲು ಶುರು ಮಾಡಿದ ಮೇಲೆ 2024ರಲ್ಲಿ 24%ಕ್ಕೆ ಇಳಿಯಿತು. ಬೈಂಡರನ್ನೂ ರಸ್ಟ್‌ನಲ್ಲಿ ಹೊಸದಾಗಿ ಬರೆದು 2025ರಲ್ಲಿ ಲಿನಕ್ಸ್‌ಗೆ ಸೇರಿಸಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಕರ್ನಲ್‌ನ ರಸ್ಟ್ ಕೋಡ್‌ಗೆ ಮೊದಲ ಸಿವಿಇ ಬಂದಿದ್ದೂ ಈ ಬೈಂಡರ್‌ಗೇ. ಅದು ಕೂಡ ಇಂಥದೇ ಒಂದು ಪಟ್ಟಿಯಿಂದ ಹೆಸರು ತೆಗೆಯುವ ಜಾಗ. ಕಂಪೈಲರ್ ಕಾವಲನ್ನು ಬೇಕೆಂದೇ ಬದಿಗಿಟ್ಟು, 'ಇದು ನನ್ನ ಹೊಣೆ' ಎಂದು ಬರೆದ ಸಣ್ಣ ತುಣುಕಿನಲ್ಲಿ ತಪ್ಪು ಇತ್ತು. ಎಲ್ಲಿ ಹುಡುಕಬೇಕು ಅನ್ನೋದಾದರೂ ರಸ್ಟ್‌ನಲ್ಲಿ ಗೊತ್ತಿರುತ್ತದೆ, ಅದು ಸಣ್ಣ ಲಾಭವಲ್ಲ.

2019ರ ದೋಷಕ್ಕೆ ಕೊನೆಗೂ ಮದ್ದು ಸಿಕ್ಕಿದ್ದು ಆ ವರ್ಷದ ಅಕ್ಟೋಬರ್ 6ರ ಭದ್ರತಾ ಪ್ಯಾಚ್‌ನಲ್ಲಿ. ನಿಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲೂ ಇಂಥದೊಂದು ದಿನಾಂಕ ಇರುತ್ತದೆ. ಆಂಡ್ರಾಯ್ಡ್ 14, 15 ಅನ್ನುವ ಅಂಕಿಗಿಂತ ಆ ದಿನಾಂಕವನ್ನು ನೋಡಿ. ಅದು ಒಂದು ವರ್ಷದಷ್ಟು ಹಳೆಯದಾಗಿದ್ದರೆ, ಅಷ್ಟು ಸಮಯದಲ್ಲಿ ಬಂದ ಪ್ಯಾಚ್‌ಗಳೆಲ್ಲ ಇನ್ನೂ ಆಚೆಯೇ ಉಳಿದಿವೆ.