ಸಣ್ಣ ಕಾರಿನ ಇಂಜಿನ್ ಇಳಿಸೋದು ಯಾಕಿಷ್ಟು ಕಷ್ಟ?

ಲಾರಿಯ ಇಂಜಿನ್ ಎಷ್ಟೋ ಪಟ್ಟು ಭಾರ. ಆದರೂ ಸಣ್ಣ ಕಾರಿನ ಇಂಜಿನ್ ಇಳಿಸುವಾಗಲೇ ಮೆಕ್ಯಾನಿಕ್‌ಗಳ ಕೈ ಜಾಸ್ತಿ ಗೀರೋದು. ಕಾರಣ ಭಾರ ಅಲ್ಲ, ಇಕ್ಕಟ್ಟು. ಆ ಇಕ್ಕಟ್ಟನ್ನು ಎಂಜಿನಿಯರುಗಳು ಬೇಕಂತಲೇ ತಂದರು.

ಅಂಬಾಸಿಡರ್, ಪದ್ಮಿನಿ ಕಾರುಗಳಲ್ಲಿ ಇಂಜಿನ್ ಉದ್ದಕ್ಕೆ ಕೂತಿರುತ್ತಿತ್ತು. ಅದರ ಹಿಂದೆ ಗೇರ್‌ಬಾಕ್ಸ್, ಅಲ್ಲಿಂದ ಹಿಂದಿನ ಚಕ್ರಕ್ಕೆ ಉದ್ದನೆಯ ಶಾಫ್ಟ್. 1959ರಲ್ಲಿ ಬ್ರಿಟನ್ನಿನಲ್ಲಿ ಮಿನಿ ಕಾರು ರೂಪಿಸಿದ ಅಲೆಕ್ ಇಸಿಗೊನಿಸ್ ಇಂಜಿನ್ನನ್ನೇ ಅಡ್ಡ ಕೂರಿಸಿದರು, ಮುಂದಿನ ಚಕ್ರ ಓಡುವಂತೆ ಮಾಡಿದರು. ಗೇರ್‌ಬಾಕ್ಸ್ ಇಂಜಿನ್ನಿನ ಕೆಳಗೇ ಸೇರಿತು. ಮೂರು ಮೀಟರ್ ಉದ್ದದ ಕಾರಿನಲ್ಲಿ ನಾಲ್ಕು ಜನ ಕೂರುವಷ್ಟು ಜಾಗ ಸಿಕ್ಕಿತು. 1964ರಲ್ಲಿ ಇಟಲಿಯ ಎಂಜಿನಿಯರ್ ದಾಂತೆ ಜಕೋಸಾ ಗೇರ್‌ಬಾಕ್ಸನ್ನು ಇಂಜಿನ್ನಿನ ಪಕ್ಕಕ್ಕೆ ತಂದರು. 1983ರ ಡಿಸೆಂಬರಿನಲ್ಲಿ ಬಂದ ನಮ್ಮ ಮಾರುತಿ 800 ಹಿಡಿದದ್ದೂ ಇದೇ ದಾರಿ. 796 ಸಿಸಿಯ ಮೂರು ಸಿಲಿಂಡರ್ ಇಂಜಿನ್, ಪಕ್ಕದಲ್ಲೇ ಗೇರ್‌ಬಾಕ್ಸ್, ಎರಡೂ ಸೇರಿ ಒಂದೇ ಗಂಟು.

ತೊಂದರೆ ಶುರುವಾಗೋದು ಇಲ್ಲೇ. ಗೇರ್‌ಬಾಕ್ಸಿನ ಶಾಫ್ಟು ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕ್ಲಚ್ ಪ್ಲೇಟಿನ ಹಲ್ಲುಗಳೊಳಗೆ ಹೊಕ್ಕಿರುತ್ತೆ. ಬಿಡಿಸಬೇಕಾದರೆ ನೇರವಾಗಿ ಹೊರಕ್ಕೆ ಸರಿಸಬೇಕು. ಅಂಬಾಸಿಡರಿನಲ್ಲಿ ರೇಡಿಯೇಟರ್ ತೆಗೆದರೆ ಇಂಜಿನ್ ಮುಂದಕ್ಕೆ ಸರಿಯಲು ಜಾಗ ಇತ್ತು. ಅಡ್ಡ ಕೂತ ಇಂಜಿನ್ನಿಗೆ ಅತ್ತ ಸರಿದರೂ ಬಾಡಿ, ಇತ್ತ ಸರಿದರೂ ಬಾಡಿ. ಹಾಗಾಗಿ ಎಷ್ಟೋ ಸಲ ಎರಡನ್ನೂ ಒಟ್ಟಿಗೇ ಎತ್ತುತ್ತಾರೆ.

ಮೊದಲು ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಬೇಕು. ಯಾಕಂದ್ರೆ ಕಾರಿನ ಬಾಡಿಯೇ ನೆಗೆಟಿವ್. ಪಾಸಿಟಿವ್ ಬಿಚ್ಚುವಾಗ ಪಾನಾ ಬಾಡಿಗೆ ತಗುಲಿದರೆ ಕಿಡಿ ಹಾರುತ್ತೆ. ಆಮೇಲೆ ನೀರು, ಆಯಿಲ್, ಹೋಸು, ಕೇಬಲ್, ಸೈಲೆನ್ಸರ್ ಪೈಪು. ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಡ್ರೈವ್ ಶಾಫ್ಟಿನ ತುದಿಯಲ್ಲಿ ಒಂದು ಸಣ್ಣ ಸ್ಪ್ರಿಂಗ್ ಉಂಗುರ ಇರುತ್ತೆ. ರಾಡು ಕೊಟ್ಟು ಮೀಟಿದರೆ ಶಾಫ್ಟು ಟಕ್ ಅಂತ ಹೊರಗೆ ಬರುತ್ತೆ.

ಕೊನೆಗೆ ಉಳಿಯೋದು ಇಂಜಿನ್ನನ್ನು ಬಾಡಿಗೆ ಹಿಡಿದಿರುವ ರಬ್ಬರ್ ಮೌಂಟಿಂಗ್. ಮೂರು ಸಿಲಿಂಡರ್ ಇಂಜಿನ್ನಿನಲ್ಲಿ ಪಿಸ್ಟನ್ನುಗಳ ಮೇಲೆ ಕೆಳಗಿನ ಎಳೆತ ಒಂದಕ್ಕೊಂದು ಸರಿಹೋಗುತ್ತೆ, ಆದರೆ ತುದಿಯಿಂದ ತುದಿಗೆ ಓಲಾಟ ಉಳಿಯುತ್ತೆ. ಆ ನಡುಕ ಸೀಟಿಗೆ ಬಾರದಂತೆ ತಡೆಯೋದು ಈ ರಬ್ಬರು. ಅದಕ್ಕೆ ಇನ್ನೂ ದೊಡ್ಡ ಹೊರೆ ಇದೆ. ಚಕ್ರ ತಿರುಗಿಸುವ ಕೊನೆಯ ಗೇರು ಕೂಡ ಇದೇ ಗಂಟಿನಲ್ಲಿ ಇರೋದರಿಂದ, ಫಸ್ಟ್ ಗೇರಿನಲ್ಲಿ ಹತ್ತು ಹದಿನೈದು ಪಟ್ಟು ಹೆಚ್ಚಾದ ತಿರುಗುಬಲದ ಎದುರೇಟನ್ನೂ ಈ ಮೌಂಟಿಂಗ್‌ಗಳೇ ತಿನ್ನುತ್ತವೆ. ಕ್ಲಚ್ ಬಿಟ್ಟಾಗ ಕಾರು ದಡ್ ಅಂದರೆ ಮೊದಲು ಇವನ್ನು ನೋಡಿ.

ಎತ್ತುವ ಹೊತ್ತೇ ನನಗೆ ತುಂಬ ಇಷ್ಟ. ರಾಯಚೂರಿನ ಲಿಂಗಸುಗೂರು ರಸ್ತೆ ಕಡೆಯ ಒಂದು ಗ್ಯಾರೇಜಿನಲ್ಲಿ ಕಬ್ಬಿಣದ ಗರ್ಡರಿಗೆ ಭಾರ ಎತ್ತುವ ಚೈನ್ ಬ್ಲಾಕ್ ಕಟ್ಟಿರುತ್ತಾರೆ. ಕಲಿಯೋಕೆ ಬಂದ ತೆಳ್ಳನೆಯ ಹುಡುಗ ಒಂದೇ ಕೈಯಲ್ಲಿ ಚೈನು ಎಳೆಯುತ್ತಾನೆ. “ಸಾವಕಾಶ ಜಗ್ಗು ತಮ್ಮಾ” ಅಂತ ಮೇಸ್ತ್ರಿ ಕೆಳಗಿನಿಂದ ಹೇಳುತ್ತಾರೆ. ಗಂಟು ನೂರು ಕಿಲೋ ಇದೆ, ಒಂದು ಅಡಿ ಎತ್ತೋಕೆ 40 ಅಡಿ ಚೈನು ಎಳೆಯಬೇಕು ಅಂತಿಟ್ಟುಕೊಳ್ಳಿ. ಆಗ ಕೈಗೆ ಬೀಳೋದು ಎರಡೂವರೆ ಕಿಲೋದಷ್ಟು ಎಳೆತ, ಗೇರುಗಳ ಉಜ್ಜಾಟಕ್ಕೆ ಇನ್ನೊಂದಿಷ್ಟು. ಕೆಲಸ ಕಡಿಮೆ ಆಗಿಲ್ಲ, ಉದ್ದಕ್ಕೆ ಹಂಚಿಹೋಗಿದೆ ಅಷ್ಟೇ. ಕೈ ಬಿಟ್ಟರೂ ಇಂಜಿನ್ ಕೆಳಗೆ ಬೀಳಲ್ಲ. ಒಳಗಿನ ಬ್ರೇಕನ್ನು ಆ ಭಾರವೇ ಒತ್ತಿ ಹಿಡಿದಿರುತ್ತೆ. ಹಾಗಂತ ತೂಗುವ ಇಂಜಿನ್ನಿನ ಕೆಳಗೆ ಯಾರೂ ಹೋಗಬಾರದು.

ತೂಗುವ ವಸ್ತುವಿನ ಭಾರದ ನಡುಬಿಂದು ಯಾವಾಗಲೂ ಕೊಕ್ಕೆಯ ನೇರ ಕೆಳಗೇ ಬಂದು ನಿಲ್ಲುತ್ತೆ. ಇಂಜಿನ್ ಕಡೆ ಭಾರ ಜಾಸ್ತಿ, ಗೇರ್‌ಬಾಕ್ಸ್ ಕಡೆ ಕಡಿಮೆ. ಮೇಸ್ತ್ರಿ ಚೈನಿನ ಕೊಂಡಿಯನ್ನು ಬೇಕಂತಲೇ ಇಂಜಿನ್ ಕಡೆಗೆ ಇನ್ನೂ ಸರಿಸಿ ಕಟ್ಟುತ್ತಾರೆ. ಗೇರ್‌ಬಾಕ್ಸ್ ತುದಿ ಕೆಳಗೆ ಜಾರುತ್ತೆ, ಇಂಜಿನ್ ತುದಿ ಮೊದಲು ಮೇಲೆ ಬರುತ್ತೆ. ಸಣ್ಣ ಬಾಗಿಲಲ್ಲಿ ಮಂಚ ಓರೆ ಮಾಡಿ ತೂರಿಸಿದ ಹಾಗೆ. ಎರಡು ತುದಿಗಳೂ ಒಂದೇ ಸಲ ಇಕ್ಕಟ್ಟು ದಾಟಬೇಕಾಗಿಲ್ಲ.

ಇಷ್ಟಕ್ಕೂ ಇಂಜಿನ್ ಇಳಿಸುವ ಗತಿ ಯಾಕೆ ಬರುತ್ತೆ? ನಮ್ಮ ಕಡೆ ದೊಡ್ಡ ಕಾರಣ ಬಿಸಿ. ಇಂಜಿನ್ ನೀರು 90 ಡಿಗ್ರಿ, ಹೊರಗಿನ ಗಾಳಿ 25 ಡಿಗ್ರಿ ಇದ್ದರೆ ನಡುವಿನ ಅಂತರ 65. ರಾಯಚೂರಿನ ಮೇ ತಿಂಗಳಲ್ಲಿ ಗಾಳಿಯೇ 42 ಆದರೆ ಅಂತರ 48. ರೇಡಿಯೇಟರಿನ ತಣಿಸುವ ಶಕ್ತಿ ಕಾಲು ಭಾಗ ಅಲ್ಲೇ ಹೋಯಿತು. ಅದರ ಮೇಲೆ ಬೋರ್‌ವೆಲ್ಲಿನ ಗಡಸು ನೀರು ಸುರಿದರೆ ಸುಣ್ಣ ಕಟ್ಟುತ್ತೆ. ಆ ಪದರ ಅಲ್ಯೂಮಿನಿಯಮ್ಮಿಗಿಂತ ಹತ್ತಾರು ಪಟ್ಟು ಕಡಿಮೆ ಬಿಸಿ ಸಾಗಿಸುತ್ತೆ. ಸಿಲಿಂಡರುಗಳ ಮೇಲಿನ ಮುಚ್ಚಳ, ಅಂದರೆ ಹೆಡ್, ಬಾಗಿದರೆ ಇಂಜಿನ್ ಇಳಿಸದೆಯೇ ರಿಪೇರಿ ಮಾಡಬಹುದು. ಬಿಸಿಗೆ ಪಿಸ್ಟನ್ ಹಿಗ್ಗಿ ಸಿಲಿಂಡರನ್ನು ಗೀರಿದರೆ ಮಾತ್ರ ಸಿಲಿಂಡರ್ ಕೊರೆದು ಸರಿಮಾಡುವ ಬೋರ್ ಕೆಲಸಕ್ಕೆ ಇಳಿಸಲೇಬೇಕು.

ಇಂಜಿನ್ ತಣಿಸುವ ಕೂಲಂಟ್‌ಗೆ ಬೆರೆಸೋಕೆ ಅಂಗಡಿಯಲ್ಲಿ ಬ್ಯಾಟರಿಗೆ ಅಂತ ಮಾರುವ ಭಟ್ಟಿ ಇಳಿಸಿದ ನೀರು ಸಾಕು. ಅದರಲ್ಲಿ ಸುಣ್ಣ ಇರಲ್ಲ.