ಕೊನೇ ಏಟು ಯಾರದು? ಹಳ್ಳಿ ಥ್ರಿಲ್ಲರ್‌ಗಳ ಸೇಡಿನ ಹಿನ್ನೆಲೆ

1973ರ ಅಕ್ಟೋಬರ್‌ನಲ್ಲಿ ರಾಮನಗರದ ಬಂಡೆಗಳ ನಡುವೆ 'ಶೋಲೆ' ಚಿತ್ರೀಕರಣ ಶುರುವಾಯಿತು. ಕತೆ ಹೇಗೆ ಮುಗಿಯಬೇಕು ಎಂಬುದರಲ್ಲಿ ಬರೆದವರಿಗೆ ಗೊಂದಲವಿರಲಿಲ್ಲ. ಡಕಾಯಿತ ಗಬ್ಬರ್ ಸಿಂಗ್ ಕತ್ತರಿಸಿಹಾಕಿದ್ದು ಠಾಕೂರನ ಎರಡೂ ಕೈಗಳನ್ನು. ಹಾಗಾಗಿ ಸೇಡು ತೀರಬೇಕಾದದ್ದು ಕಾಲಿನಿಂದಲೇ. ಅದಕ್ಕಾಗಿ ಆಳು ರಾಮ್‌ಲಾಲ್ ಕೂತು ಧಣಿಯ ಬೂಟಿನ ಅಟ್ಟೆಗೆ ಮೊಳೆ ಕೂರಿಸುವ ತುಣುಕೂ ಇತ್ತು. ಕೊನೆಯಲ್ಲಿ ಠಾಕೂರ್ ಅದೇ ಬೂಟಿನಿಂದ ಗಬ್ಬರನನ್ನು ಜಜ್ಜಿ, ತನ್ನ ಕೈ ಹೋದ ಅದೇ ಕಂಬಗಳ ಬಳಿಗೆ ಒದೆಯುತ್ತಾನೆ. ಕಂಬದಲ್ಲಿ ಚಾಚಿಕೊಂಡಿದ್ದ ಮೊಳೆ ಚುಚ್ಚಿ ಗಬ್ಬರ್ ಸಾಯುತ್ತಾನೆ.

1975ರ ಆಗಸ್ಟ್ 15ರಂದು ಚಿತ್ರಮಂದಿರದಲ್ಲಿ ಜನ ನೋಡಿದ್ದು ಇದನ್ನಲ್ಲ. ಬೂಟು ಇನ್ನೇನು ಇಳಿಯಬೇಕು ಅನ್ನುವಾಗ ಪೊಲೀಸರು ಬರುತ್ತಾರೆ. ಗಬ್ಬರನಿಗೆ ಶಿಕ್ಷೆ ಕೊಡುವುದು ಕಾನೂನಿನ ಕೆಲಸ, ಇದನ್ನು ಮಾಜಿ ಪೊಲೀಸ್ ಅಧಿಕಾರಿಯಾದ ನಿಮಗೆ ಹೇಳಬೇಕೇ ಎನ್ನುತ್ತಾರೆ. ಠಾಕೂರ್ ಕಾಲು ಹಿಂದಕ್ಕೆ ತೆಗೆಯುತ್ತಾನೆ.

ಬಿಡುಗಡೆಗೆ ಎರಡು ತಿಂಗಳೂ ಉಳಿದಿರದಿದ್ದಾಗ, ಜೂನ್ 25ರಂದು, ತುರ್ತುಪರಿಸ್ಥಿತಿ ಬಂದಿತ್ತು. ಸೆನ್ಸಾರ್ ಮಂಡಳಿಯ ತಕರಾರು ರಕ್ತದ್ದಷ್ಟೇ ಆಗಿರಲಿಲ್ಲ. ಪೊಲೀಸ್ ಇಲಾಖೆಯಲ್ಲಿದ್ದವನೇ ಕಾನೂನನ್ನು ಕೈಗೆತ್ತಿಕೊಂಡು ಗೆದ್ದುಬಿಡುತ್ತಾನಲ್ಲ ಎಂಬುದು ಅದಕ್ಕಿಂತ ದೊಡ್ಡ ತಕರಾರು. ನಿರ್ದೇಶಕ ರಮೇಶ್ ಸಿಪ್ಪಿ ಅಂತ್ಯವನ್ನು ಮತ್ತೆ ಚಿತ್ರೀಕರಿಸಬೇಕಾಯಿತು. ಇಮಾಮರ ಮಗ ಅಹ್ಮದನ ಸಾವಿನ ದೃಶ್ಯಕ್ಕೂ ಕತ್ತರಿ ಬಿತ್ತು. ಹಳ್ಳಿ ಹಿನ್ನೆಲೆಯ ಅಪರಾಧ ಕತೆಗಳಲ್ಲಿ ಪೊಲೀಸ್ ಜೀಪು ಯಾಕೆ ಯಾವಾಗಲೂ ಎಲ್ಲ ಮುಗಿದ ಮೇಲೇ ಬರುತ್ತದೆ ಎಂದು ಪ್ರೇಕ್ಷಕರು ನಗುವುದುಂಟು. ಎಷ್ಟೋ ಸಲ ಆ ಜೀಪನ್ನು ಕಳಿಸಿದ್ದು ಕತೆಗಾರನಲ್ಲ, ಸರ್ಟಿಫಿಕೇಟು.

ಈ ಜಗಳ ಭಾರತದಲ್ಲಿ ಹುಟ್ಟಿದ್ದೂ ಅಲ್ಲ. ಹಾಲಿವುಡ್ 1930ರಲ್ಲಿ ಒಪ್ಪಿಕೊಂಡು 1934ರಿಂದ ಕಡ್ಡಾಯ ಮಾಡಿಕೊಂಡ ನಿರ್ಮಾಣ ಸಂಹಿತೆಯಲ್ಲಿ, ಕೊಲೆಯನ್ನು ತೋರಿಸುವ ಬಗೆಗಿನ ಭಾಗದಲ್ಲಿ ಒಂದು ಸಾಲಿತ್ತು: ಆಧುನಿಕ ಕಾಲದ ಸೇಡನ್ನು ಸಮರ್ಥಿಸಕೂಡದು. ಇಲ್ಲಿ 'ಆಧುನಿಕ ಕಾಲದ' ಅನ್ನುವ ಮಾತೇ ಕಿಂಡಿ. ಕತೆಯನ್ನು ನೂರು ವರ್ಷ ಹಿಂದಕ್ಕೆ, ಠಾಣೆ ಕೋರ್ಟು ಗಟ್ಟಿಯಾಗಿ ನೆಲೆಯೂರದ ಸೀಮೆಗೆ ಒಯ್ದರೆ ಸೇಡು ತೀರಿಸಿಕೊಳ್ಳುವವನು ನಾಯಕನಾಗಬಹುದಿತ್ತು. ಕುದುರೆ, ಧೂಳು, ಒಂಟಿ ಊರಿನ ವೆಸ್ಟರ್ನ್ ಚಿತ್ರಗಳಿಗೆ ಈ ಕಿಂಡಿ ಎಷ್ಟು ಅನುಕೂಲವಾಯಿತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. 1968ರಲ್ಲಿ ಆ ಸಂಹಿತೆ ಹೋಗಿ ವಯಸ್ಸಿನ ಶ್ರೇಣಿ ಬಂತು. ಆದರೆ ಆ ಚಿತ್ರಗಳ ಭೂಗೋಳ ಅಷ್ಟರಲ್ಲಿ ಜಗತ್ತಿಗೆಲ್ಲ ಹಬ್ಬಿತ್ತು. ರಾಮನಗರದ ಬೆಟ್ಟ ಅದರ ಒಂದು ತುದಿ.

ನಮ್ಮಲ್ಲಿ ಆ ಕೆಲಸ ಮಾಡಿದ್ದು 1952ರ ಸಿನಿಮಾಟೋಗ್ರಾಫ್ ಕಾಯ್ದೆ. ಅಪರಾಧಕ್ಕೆ ಪ್ರಚೋದನೆ ಕೊಡುವಂಥ ಚಿತ್ರಕ್ಕೆ ಸರ್ಟಿಫಿಕೇಟು ಇಲ್ಲ ಎನ್ನುತ್ತದೆ ಅದರ 5ಬಿ ಕಲಂ. ಅದರಡಿ 1991ರ ಡಿಸೆಂಬರ್‌ನಲ್ಲಿ ಬಂದ ಮಾರ್ಗಸೂಚಿ, ಹಿಂಸೆಯಂಥ ಸಮಾಜಘಾತಕ ಕೃತ್ಯಗಳನ್ನು ವೈಭವೀಕರಿಸಬಾರದು, ಸಮರ್ಥಿಸಲೂಬಾರದು ಎನ್ನುತ್ತದೆ. ತೋರಿಸುವುದಕ್ಕೆ ಅಡ್ಡಿಯಿಲ್ಲ, 'ಸರಿ' ಅನ್ನುವುದಕ್ಕೆ ಅಡ್ಡಿ. ಬರೆಯುವವರು ಈ ಗೆರೆಯ ಸುತ್ತ ಹಲವು ದಾರಿ ಹುಡುಕಿದರು. 'ಮದರ್ ಇಂಡಿಯಾ'ದಲ್ಲಿ (1957) ಸಾಹುಕಾರನನ್ನು ಕೊಂದ ಬಿರ್ಜುವಿಗೆ ಗುಂಡು ಹೊಡೆಯುವವಳು ಹೆತ್ತ ತಾಯಿಯೇ. ಸೇಡೂ ತೀರಿತು, ಸೇಡಿಗೆ ಶಿಕ್ಷೆಯೂ ಆಯಿತು. ಕನ್ನಡದ 'ಬೂತಯ್ಯನ ಮಗ ಅಯ್ಯು' (1974) ರಾಜಿಯಲ್ಲಿ ಮುಗಿಯಿತು.

ಇನ್ನು ಕಾನೂನಿನ ಕಡೆಗೆ. ಹಳ್ಳಿ ಥ್ರಿಲ್ಲರ್ ಬರೆಯುವವರು ಎಡವುವುದು ಇಲ್ಲೇ ಹೆಚ್ಚು.

ಕೊಲೆಗೆ ಕಾನೂನಿನಲ್ಲಿ ಎರಡು ಬೇರೆ ಬೇರೆ ಬಾಗಿಲುಗಳಿವೆ, ಚಿತ್ರಕತೆಗಳು ಎರಡನ್ನೂ ಒಂದೇ ಮಾಡುತ್ತವೆ. ಒಂದು, ಖಾಸಗಿ ರಕ್ಷಣೆಯ ಹಕ್ಕು. ಭಾರತೀಯ ದಂಡ ಸಂಹಿತೆಯಲ್ಲಿ 96ರಿಂದ 106ರವರೆಗಿದ್ದ ಕಲಂಗಳು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44. ಪ್ರಾಣಕ್ಕೆ, ಮಾನಕ್ಕೆ ಎದುರಿನಲ್ಲೇ ಅಪಾಯ ಬಂದಾಗ ಎದುರಾಳಿ ಸತ್ತರೂ ಅದು ಅಪರಾಧವಲ್ಲ. ಆದರೆ ಪೊಲೀಸರ ಬಳಿ ಹೋಗಲು ಸಮಯವಿದ್ದರೆ ಈ ಹಕ್ಕಿಲ್ಲ. ಅಗತ್ಯಕ್ಕಿಂತ ಹೆಚ್ಚು ಹೊಡೆದರೂ ಇಲ್ಲ. ಕೆಳಗೆ ಬಿದ್ದವನಿಗೆ ಬೀಳುವ ಎರಡನೇ ಮಚ್ಚಿನೇಟು ಇಡೀ ವಾದವನ್ನೇ ಮುಳುಗಿಸಬಹುದು. ಇನ್ನೊಂದು ಬಾಗಿಲು, ತೀವ್ರವಾದ ಹಠಾತ್ ಪ್ರಚೋದನೆ. ಇದು ಬಿಡುಗಡೆ ಕೊಡುವುದಿಲ್ಲ, ಕೊಲೆಯನ್ನು ಅದಕ್ಕಿಂತ ಕೆಳಗಿನ ಅಪರಾಧಕ್ಕೆ ಇಳಿಸುತ್ತದೆ, ಅಷ್ಟೇ.

'ಹಠಾತ್' ಅಂದರೆ ಎಷ್ಟು ಹೊತ್ತು? ಇದಕ್ಕೆ ಇವತ್ತಿಗೂ ಎಲ್ಲರೂ ತಿರುವಿಹಾಕುವುದು 1961ರ ನಾನಾವತಿ ತೀರ್ಪನ್ನು. ಪ್ರಕರಣ ಮುಂಬೈನದು, ಆರೋಪಿ ನೌಕಾಪಡೆಯ ಅಧಿಕಾರಿ. ಹಳ್ಳಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಅಳತೆಗೋಲು ಅದೇ. 1959ರ ಏಪ್ರಿಲ್ 27ರ ಮಧ್ಯಾಹ್ನ ಒಂದೂವರೆಗೆ ಮನೆ ಬಿಟ್ಟವನು ಹೆಂಡತಿ ಮಕ್ಕಳನ್ನು ಸಿನಿಮಾಕ್ಕೆ ಬಿಟ್ಟು, ಹಡಗಿಗೆ ಹೋಗಿ ರಿವಾಲ್ವರ್ ಮತ್ತು ಆರು ಗುಂಡು ತಂದು, 4.20ರ ಹೊತ್ತಿಗೆ ಹೆಂಡತಿಯ ಪ್ರಿಯಕರನ ಮೇಲೆ ಗುಂಡು ಹಾರಿಸಿದ. ಮನಸ್ಸು ಹಿಡಿತಕ್ಕೆ ಬರಲು ಸುಮಾರು ಮೂರು ಗಂಟೆ ಸಾಕಷ್ಟಾಯಿತು ಎಂದಿತು ಸುಪ್ರೀಂ ಕೋರ್ಟ್. ಈಗ ನಮ್ಮ ಹಳ್ಳಿ ಚಿತ್ರಗಳ ಲೆಕ್ಕ ಹಾಕಿ ನೋಡಿ. ತಮ್ಮನ ಹೆಣ ನೋಡಿ, ಸಂಸ್ಕಾರ ಮುಗಿಸಿ, ಕೊಡಲಿ ಮಸೆದು, ಜಾತ್ರೆಯ ರಾತ್ರಿಯವರೆಗೂ ಕಾಯುವ ಅಣ್ಣನಿಗೆ ಈ ರಿಯಾಯಿತಿ ಎಲ್ಲಿಂದ ಬರಬೇಕು? ಜಾತ್ರೆಯ ರಾತ್ರಿ ತೆರೆಗೆ ಚೆನ್ನ, ವಕೀಲನಿಗೆ ಕಷ್ಟ.

ಜೊತೆಗೆ ಹೋದವರ ಗತಿ ಇನ್ನೂ ಕಷ್ಟ. ಹೊಡೆದವನು ಒಬ್ಬನೇ ಆದರೂ, ಎಲ್ಲರ ಉದ್ದೇಶ ಒಂದೇ ಎಂದು ಸಾಬೀತಾದರೆ ಬಾಗಿಲು ಕಾದವನಿಗೂ ಅದೇ ಶಿಕ್ಷೆ. ಇನ್ನು ಜಾತಿ, ಸಮುದಾಯ, ಭಾಷೆಯಂಥ ಕಾರಣಕ್ಕೆ ಐದು ಅಥವಾ ಹೆಚ್ಚು ಜನ ಸೇರಿ ಕೊಂದರೆ, ಹೊಸ ಸಂಹಿತೆಯ 103(2) ಪ್ರತಿಯೊಬ್ಬನಿಗೂ ಗಲ್ಲು ಇಲ್ಲವೇ ಜೀವಾವಧಿ ಎನ್ನುತ್ತದೆ. ಹಳೇ ಸಂಹಿತೆಯಲ್ಲಿ ಇಂಥ ಪ್ರತ್ಯೇಕ ಕಲಂ ಇರಲಿಲ್ಲ. ಗುಂಪು ಹತ್ಯೆ ತಡೆಯಲು ಪ್ರತಿ ಜಿಲ್ಲೆಗೂ ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ನೋಡಲ್ ಅಧಿಕಾರಿ ಇರಬೇಕೆಂದು 2018ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಬಂದದ್ದು ಇದು. ಕಳ್ಳನನ್ನು ಊರವರು ಹಿಡಿಯುವುದೇ ತಪ್ಪಲ್ಲ. ಜಾಮೀನು ಹಕ್ಕಾಗಿ ಸಿಗದ ಗಂಭೀರ ಅಪರಾಧ ಕಣ್ಣೆದುರೇ ನಡೆದರೆ ಸಾಮಾನ್ಯ ಮನುಷ್ಯನೂ ಬಂಧಿಸಬಹುದು. ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಕಂಬಕ್ಕೆ ಕಟ್ಟಿ ಬೆಳಗಾಗುವವರೆಗೂ ಬಾರಿಸುವುದು ಮಾತ್ರ ಯಾವ ಕಲಮಿನೊಳಗೂ ಬರುವುದಿಲ್ಲ.

ಇಷ್ಟಾದರೂ 'ಇಡೀ ಊರೇ ಕೊಂದಿತು' ಎಂಬ ಅಂತ್ಯ ಸುಳ್ಳಲ್ಲ. ಅಮೆರಿಕದ ಮಿಸೌರಿಯ ಸ್ಕಿಡ್‌ಮೋರ್ ಎಂಬ ಪುಟ್ಟ ಊರಿನಲ್ಲಿ 1981ರ ಜುಲೈ 10ರ ಬೆಳಿಗ್ಗೆ, ವರ್ಷಗಟ್ಟಲೆ ಊರನ್ನು ಹೆದರಿಸಿಟ್ಟಿದ್ದ ಕೆನ್ ಮೆಕೆಲ್ರಾಯ್ ಎಂಬವನನ್ನು ನಡುಬೀದಿಯಲ್ಲಿ, ಅವನ ಪಿಕಪ್ ಟ್ರಕ್ಕಿನಲ್ಲೇ ಗುಂಡಿಕ್ಕಿ ಕೊಂದರು. ಊರಿನ ವೃದ್ಧ ದಿನಸಿ ವ್ಯಾಪಾರಿಗೆ ಗುಂಡು ಹಾರಿಸಿದ್ದಕ್ಕೆ ಶಿಕ್ಷೆಯಾಗಿದ್ದರೂ ಅವನು ಮೇಲ್ಮನವಿಯ ಜಾಮೀನಿನ ಮೇಲೆ ಹೊರಗಿದ್ದ. ಗುಂಡು ಎರಡು ಬೇರೆ ಬಂದೂಕುಗಳಿಂದ ಬಂದಿತ್ತು, ಸುತ್ತ ಹತ್ತಾರು ಜನರಿದ್ದರು. ಪಕ್ಕದಲ್ಲೇ ಕೂತಿದ್ದ ಹೆಂಡತಿಯನ್ನು ಬಿಟ್ಟರೆ ಯಾರೂ ಯಾರ ಹೆಸರನ್ನೂ ಹೇಳಲಿಲ್ಲ. ಎಫ್‌ಬಿಐ ಬಂದರೂ ಒಬ್ಬನ ಮೇಲೂ ಆರೋಪಪಟ್ಟಿ ಆಗಲಿಲ್ಲ.

ನಮ್ಮಲ್ಲಿ ಅಂಥ ಮೌನ ಒಡೆಯುವುದೂ, ಮತ್ತೆ ಕೂಡಿಕೊಳ್ಳುವುದೂ ಕಾಗದದ ಮೇಲೆ. ಪೊಲೀಸರು ಬರೆದುಕೊಳ್ಳುವ ಸಾಕ್ಷಿಯ ಹೇಳಿಕೆಗೆ ಸಹಿ ಇರುವುದಿಲ್ಲ, ಅದೇ ಸ್ವತಂತ್ರ ಪುರಾವೆಯೂ ಆಗುವುದಿಲ್ಲ. ವಿಚಾರಣೆಯ ದಿನ ಕಟಕಟೆಯಲ್ಲಿ 'ನಾನು ನೋಡಿಲ್ಲ ಸ್ವಾಮಿ' ಎಂದರೆ ಮುಗಿಯಿತು. ತನಿಖಾಧಿಕಾರಿ ಚುರುಕಾಗಿದ್ದರೆ ಮುಖ್ಯ ಸಾಕ್ಷಿಯನ್ನು ಮೊದಲೇ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಪ್ರಮಾಣದ ಮೇಲೆ ಹೇಳಿಕೆ ಬರೆಸುತ್ತಾನೆ. ಆಮೇಲೆ ತಿರುಗಿಬಿದ್ದರೆ ಸುಳ್ಳುಸಾಕ್ಷಿಯ ಭಯವಿರುತ್ತದೆ. ಇಡೀ ಕತೆಯ ಬಿಗಿ ಈ ಒಂದು ಹೆಜ್ಜೆಯ ಮೇಲೆ ನಿಲ್ಲಬಹುದು. ತೆರೆಯ ಮೇಲೆ ಇದು ಕಾಣುವುದೇ ಅಪರೂಪ.

ತಮಿಳು ಲೇಖಕ ಪೂಮಣಿ ಈ ಕಾಗದದ ಲೋಕವನ್ನು ಚೆನ್ನಾಗಿ ಬಲ್ಲವರು. ಅವರ 'ವೆಕ್ಕೈ' (1982) ಕಾದಂಬರಿಯಲ್ಲಿ ಅಣ್ಣನನ್ನು ಕೊಂದವನನ್ನು ಹದಿಹರೆಯದ ಹುಡುಗ ಕೊಲ್ಲುತ್ತಾನೆ. ಕೊಲೆ ಮೊದಲಲ್ಲೇ ಆಗಿಹೋಗುತ್ತದೆ. ಉಳಿದದ್ದೆಲ್ಲ ಅಪ್ಪ ಮಗ ಗುಡ್ಡಗಾಡಿನಲ್ಲಿ ತಲೆಮರೆಸಿಕೊಂಡು ಕಳೆಯುವ ದಿನಗಳು. ಕೊನೆಗೆ ಅವರು ಹೊರಡುವುದು ಶರಣಾಗಲು, ಅದೂ ಕೋರ್ಟಿಗೆ. ಠಾಣೆಗಿಂತ ಮೊದಲು ಮ್ಯಾಜಿಸ್ಟ್ರೇಟರ ಮುಂದೆ ನಿಂತರೆ ಮೈಮೇಲೆ ಗಾಯವಿಲ್ಲ ಎಂಬುದು ದಾಖಲಾಗುತ್ತದೆ, ಪೊಲೀಸರು ಕಸ್ಟಡಿ ಬೇಕೆಂದರೆ ಅರ್ಜಿ ಹಾಕಿ ಕೇಳಬೇಕು, ಕೊಟ್ಟರೂ ಒಟ್ಟು ಹದಿನೈದು ದಿನ. ಬಡವನ ಮಟ್ಟಿಗೆ ಇದು ದೊಡ್ಡ ರಕ್ಷಣೆ. 2019ರಲ್ಲಿ ಇದನ್ನು ಆಧರಿಸಿ ಬಂದ 'ಅಸುರನ್' ಕೂಡ ಕೋರ್ಟಿನ ಅಂಗಳದಲ್ಲೇ ಮುಗಿಯಿತು.

ಈ ಪಟ್ಟಿಯಲ್ಲಿ ಅತಿ ಕುತೂಹಲದ್ದು 2013ರ ಮಲಯಾಳಂ 'ದೃಶ್ಯಂ'. ಕನ್ನಡದಲ್ಲಿ ಮರುವರ್ಷ 'ದೃಶ್ಯ'. ಬೆದರಿಸಲು ಮನೆಗೇ ನುಗ್ಗಿದ ಹುಡುಗನ ತಲೆಗೆ ಮಗಳು ಹೊಡೆಯುತ್ತಾಳೆ, ಅವನು ಸಾಯುತ್ತಾನೆ. ಅಲ್ಲಿಗೆ ನಿಂತಿದ್ದರೆ ಖಾಸಗಿ ರಕ್ಷಣೆಯ ವಾದಕ್ಕೆ ಗಟ್ಟಿ ನೆಲೆಯಿತ್ತು. ಆದರೆ ಹೆಣ ಹೂಳಿದರು. ಖಾಸಗಿ ರಕ್ಷಣೆ ಎಂದು ತೋರಿಸುವ ಹೊಣೆ ಆರೋಪಿಯದು. ತೋರಿಸಬೇಕಾದ ಗಾಯ, ಜಾಗ, ಕಾರು, ಮೊಬೈಲು ಎಲ್ಲವನ್ನೂ ಅವರೇ ಅಳಿಸಿದ್ದಾರೆ. ಕುಟುಂಬ ಉಳಿಸಲು ಮಾಡಿದ ಕೆಲಸವೇ ಕುಟುಂಬದ ಕಾನೂನು ರಕ್ಷಣೆಯನ್ನು ಕಿತ್ತುಕೊಂಡಿತು. ಪ್ರೇಕ್ಷಕ ಮಾತ್ರ ಅಪ್ಪನ ಕಡೆಗೇ. ಚೀನಾದಲ್ಲಿ 2019ರಲ್ಲಿ ಈ ಕತೆ ಮತ್ತೆ ತೆರೆಗೆ ಬಂದಾಗ ಕೊನೆಯಲ್ಲಿ ಅಪ್ಪ ತಾನಾಗಿ ಪೊಲೀಸರಿಗೆ ಶರಣಾದ. ರಾಮನಗರದ ಜೀಪು ಅಲ್ಲಿಗೂ ತಲುಪಿತು ಅನ್ನಬೇಕು.

ಜೀಪನ್ನು ಪೂರ್ತಿ ತಪ್ಪಿಸಿಕೊಂಡ ಅಂತ್ಯ 2022ರ 'ಕಾಂತಾರ'ದ್ದು. ಕತೆ ನಡೆಯುವುದು 1990ರಲ್ಲಿ. ಮೊಬೈಲಿಲ್ಲ, ಸಿಸಿಟಿವಿ ಇಲ್ಲ. ಹಳ್ಳಿ ಥ್ರಿಲ್ಲರ್‌ಗಳು ಹಿಂದಿನ ದಶಕಗಳಿಗೆ ಓಡುವುದಕ್ಕೆ ಅರ್ಧ ಕಾರಣ ಇದೇ. ಸಾಯುವ ಸ್ಥಿತಿಯಲ್ಲಿ ಬಿದ್ದ ನಾಯಕ ಶಿವನ ಮೈಮೇಲೆ ಗುಳಿಗ ದೈವ ಬಂದು ಧಣಿಯನ್ನು ಕೊಲ್ಲುತ್ತಾನೆ. ಕೊನೇ ಏಟು ಮನುಷ್ಯನದಲ್ಲ, ಹಾಗಾಗಿ ಮಹಜರು ಬರೆಯುವ ಪ್ರಶ್ನೆಯೇ ಏಳುವುದಿಲ್ಲ. ಜಾಣ ಉಪಾಯ ಎಂದು ತಳ್ಳಿಹಾಕಬಹುದು. ಆದರೆ ತುಳುನಾಡಿನವರಿಗೆ ಗೊತ್ತು, ಅಲ್ಲಿ ದೈವ ಕೂಡ ದೂರು ಕೇಳುವ ಜಾಗ. ಜಮೀನಿನ ತಗಾದೆ, ಕೊಟ್ಟ ಸಾಲ, ಕಳವು, ಎಲ್ಲವೂ ಕೋಲದಲ್ಲಿ ದೈವ ಕೊಡುವ ನುಡಿಯ ಮುಂದೆ ಬರುತ್ತವೆ. ಕಾಸರಗೋಡು ಸೀಮೆಯ ಕಾನತ್ತೂರಿನ ದೈವಸ್ಥಾನ ಇಂಥ ದೂರುಗಳಿಗೇ ಹೆಸರಾದದ್ದು; 'ಕಾನತ್ತೂರಿಗೆ ಹೋಗುತ್ತೇನೆ' ಎಂಬ ಒಂದು ಮಾತಿಗೇ ರಾಜಿಯಾದ ಜಗಳಗಳಿವೆ. ಠಾಣೆ, ಕೋರ್ಟು ಬಿಟ್ಟರೆ ಮಚ್ಚು ಎಂಬ ಎರಡೇ ದಾರಿಯ ಸೂತ್ರದೊಳಗೆ ಈ ಮೂರನೆಯದನ್ನು ತಂದದ್ದು ಆ ನೆಲವೇ.

2021ರ ಡಿಜಿಟಲ್ ಮಾಧ್ಯಮ ನಿಯಮಗಳ ಪ್ರಕಾರ ಒಟಿಟಿ ಸರಣಿಗಳಿಗೆ ಮೊದಲೇ ಸರ್ಟಿಫಿಕೇಟು ಬೇಕಿಲ್ಲ. ಪ್ರಸಾರ ಮಾಡುವವರೇ ವಯಸ್ಸಿನ ಶ್ರೇಣಿ ಹಾಕಿಕೊಳ್ಳುತ್ತಾರೆ. ಅಲ್ಲಿ ಜೀಪು ಈಗ ಕಡ್ಡಾಯವಲ್ಲ. 'ಶೋಲೆ'ಯ ಮೂಲ ಅಂತ್ಯವನ್ನು ಸೇರಿಸಿ ಸರಿಪಡಿಸಿದ ಪ್ರತಿಯೂ 2025ರ ಜೂನ್‌ನಲ್ಲಿ ಇಟಲಿಯ ಬೊಲೊನ್ಯಾದ ಚಿತ್ರೋತ್ಸವದಲ್ಲಿ ತೆರೆಕಂಡಿತು. ಐವತ್ತು ವರ್ಷದ ಹಿಂದೆ ಮಂಡಳಿ ಹೆದರಿದ್ದು ಕೊಂದು ಗೆದ್ದು ನಿಲ್ಲುವ ಠಾಕೂರನಿಗೆ. ಆ ಪ್ರತಿಯಲ್ಲಿರುವವನು, ಗಬ್ಬರ್ ಸತ್ತ ಮೇಲೆ, ಕಣ್ಣೊರೆಸಿಕೊಳ್ಳಲೂ ಕೈಯಿಲ್ಲದೆ ಕುಸಿದು ಅಳುತ್ತಾನೆ.