ಸಾಗರದಿಂದ ಮರಕುಟಕಕ್ಕೆ: ಹಿನ್ನೀರು ತುಂಡರಿಸಿದ ದಾರಿ

ರಾಷ್ಟ್ರೀಯ ಹೆದ್ದಾರಿ 369ಇ ಎಂದರೆ ಶಿವಮೊಗ್ಗ ಜಿಲ್ಲೆಯ ಸಾಗರದವರಿಗೂ ತಟ್ಟನೆ ಹೊಳೆಯಲಿಕ್ಕಿಲ್ಲ. ಸಿಗಂದೂರು ರಸ್ತೆ ಎಂದರೆ ಎಲ್ಲರಿಗೂ ಗೊತ್ತು. ಸಾಗರದಿಂದ ಆವಿನಹಳ್ಳಿ ದಾಟಿ ಹೊಳೆಬಾಗಿಲಿಗೆ ಬಂದು, ಶರಾವತಿ ಹಿನ್ನೀರಿನ ಆಚೆ ದಡದ ಕಳಸವಳ್ಳಿ, ತುಮರಿ ಕಡೆಯಿಂದ ಮರಕುಟಕಕ್ಕೆ ಹೋಗಿ ಕೊಲ್ಲೂರಿನ ಹೆದ್ದಾರಿಗೆ ಕೂಡುವ ಸಣ್ಣ ದಾರಿ. ನಕಾಶೆಯಲ್ಲಿ ಒಂದೇ ಗೆರೆಯಾದರೂ 2025ರ ಜುಲೈವರೆಗೆ ನೆಲದ ಮೇಲೆ ಅದು ಎರಡು ತುಂಡಾಗಿಯೇ ಇತ್ತು.

ತುಂಡು ಮಾಡಿದ್ದು ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು. ಜೋಗದ ವಿದ್ಯುದಾಗಾರಕ್ಕೆ ನೀರು ಕೂಡಿಡಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಮೊದಲೇ ಇತ್ತು. 1964ರಲ್ಲಿ ಲಿಂಗನಮಕ್ಕಿ ಮುಗಿದಾಗ ಆ ಹಳೆಯ ಅಣೆಕಟ್ಟೇ ಹೊಸ ನೀರಿನಡಿ ಹೋಯಿತು. ನೀರು ತೀರಾ ಇಳಿದ ಬೇಸಿಗೆಯಲ್ಲಿ ಅದು ಈಗಲೂ ತಲೆ ಎತ್ತುತ್ತದೆ. ಲಿಂಗನಮಕ್ಕಿಯ ನೀರಿನ ಗರಿಷ್ಠ ಮಟ್ಟ ಸಮುದ್ರ ಮಟ್ಟದಿಂದ 1,819 ಅಡಿ. ಆ ಗೆರೆಯ ಕೆಳಗಿದ್ದ ಊರು, ಗದ್ದೆ, ಅಡಿಕೆ ತೋಟಗಳೆಲ್ಲ ಮುಳುಗಿದವು. ಮನೆ ಬಿಟ್ಟವರನ್ನು ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಾಡಂಚುಗಳಿಗೆ ಕಳಿಸಲಾಯಿತು. ಆಚೆ ದಡದಲ್ಲಿ ಉಳಿದ ಕರೂರು ಹೋಬಳಿಯವರಿಗೆ ತಮ್ಮ ತಾಲ್ಲೂಕು ಕೇಂದ್ರವೇ ದೂರವಾಯಿತು. ಶರಾವತಿ ವಿದ್ಯುದಾಗಾರದ 1,035 ಮೆಗಾವ್ಯಾಟ್ ಸಾಮರ್ಥ್ಯದ ಬಗ್ಗೆ ನಾಡು ಹೆಮ್ಮೆಪಟ್ಟಿತು. ಅದರ ಬೆಲೆ ಕೊಟ್ಟವರಿಗೆ ಸಿಕ್ಕಿದ್ದು ಹಿನ್ನೀರು ದಾಟಿಸುವ ಲಾಂಚ್.

ಲಾಂಚಿನ ಮೇಲೆ ಬಸ್ಸು, ಕಾರು, ಬೈಕು, ಜನ ಎಲ್ಲ ಒಟ್ಟಿಗೆ. ಸಂಜೆಯಾದರೆ ಅದು ನಿಲ್ಲುತ್ತಿತ್ತು. ಆಮೇಲೆ ಹೆರಿಗೆ ನೋವು ಬಂದರೂ ಹಾವು ಕಚ್ಚಿದರೂ ಸಾಗರದ ಆಸ್ಪತ್ರೆಗೆ ಹೋಗಲು ಕಾಡಿನ ಸುತ್ತುದಾರಿಯೇ ಗತಿ. ಎಂಬತ್ತು ಕಿಲೋಮೀಟರಿನ ಆಸುಪಾಸು. ಮಳೆ ತಡವಾಗಿ ಹಿನ್ನೀರು ಇಳಿದ ವರ್ಷಗಳಲ್ಲಿ ಲಾಂಚ್ ದಡಕ್ಕೆ ತಾಗದೆ ವಾಹನ ಸಾಗಿಸುವುದನ್ನೇ ನಿಲ್ಲಿಸಬೇಕಾಗುತ್ತಿತ್ತು. ಸಿಗಂದೂರು ಚೌಡೇಶ್ವರಿಯ ಭಕ್ತರು ಹೆಚ್ಚಿದಂತೆ ರಜಾ ದಿನಗಳಲ್ಲಿ ವಾಹನಗಳ ಸಾಲು ಬೆಳೆಯಿತು. ಊರಿನವರೂ ಅದೇ ಸಾಲಿನಲ್ಲಿ ಕಾಯಬೇಕಿತ್ತು.

ಸೇತುವೆಗಾಗಿ ಹಿನ್ನೀರಿನ ಜನ ದಶಕಗಳ ಕಾಲ ಕೇಳಿದರು, ಹೋರಾಡಿದರು. ರಸ್ತೆಗೆ ರಾಷ್ಟ್ರೀಯ ಹೆದ್ದಾರಿಯ ಪಟ್ಟ ಸಿಕ್ಕು ಕೇಂದ್ರದ ಹಣ ಬಂದ ಮೇಲೆ ಕೆಲಸ ಮುಂದಕ್ಕೆ ಹೋಯಿತು. 2018ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆಯಾಯಿತು. ಈಚೆ ದಡದ ಅಂಬಾರಗೋಡ್ಲು ಮತ್ತು ಆಚೆಯ ಕಳಸವಳ್ಳಿ ನಡುವಿನ ಈ ಸೇತುವೆಯ ಉದ್ದ 2.44 ಕಿಲೋಮೀಟರ್. ಆಳ ನೀರಿರುವ ಕಡೆ ಕಂಬಗಳನ್ನು ಕಡಿಮೆ ಮಾಡಲು ನಡುಭಾಗವನ್ನು ಕೇಬಲ್‌ಗಳಿಂದ ಎತ್ತಿ ಹಿಡಿಯಲಾಗಿದೆ. 2025ರ ಜುಲೈ 14ರಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಉದ್ಘಾಟಿಸಿದರು. ಆ ದಿನ ಮುಖ್ಯಮಂತ್ರಿಯನ್ನು ಆಹ್ವಾನಿಸಿದ ರೀತಿಯ ಬಗ್ಗೆ ಎದ್ದ ಜಗಳ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂತು. ಅಷ್ಟೇ ಜಾಗ ಅರವತ್ತು ವರ್ಷ ಕಾದವರಿಗೂ ಸಿಗಬೇಕಿತ್ತು ಎಂದು ನನಗನ್ನಿಸುತ್ತದೆ.

ಸೇತುವೆ ಬಂದದ್ದರಿಂದ ಲಿಂಗನಮಕ್ಕಿಯ ಲೆಕ್ಕ ಚುಕ್ತಾ ಆಗಿಲ್ಲ. ಅಂದು ಕಾಡಂಚಿಗೆ ಹೋದ ಎಷ್ಟೋ ಕುಟುಂಬಗಳ ಜಮೀನು ಅರಣ್ಯದ ದಾಖಲೆಯಲ್ಲೇ ಉಳಿದು, ಮೂರನೆಯ ತಲೆಮಾರು ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುತ್ತಿದೆ. ಹೆದ್ದಾರಿಗೆ ಹಣ ಹೊಂದಿಸಿದ ಸರ್ಕಾರಗಳು ಮುಂದೆ ಕೈಗೆತ್ತಿಕೊಳ್ಳಬೇಕಾದ ಕಡತ ಅದು.